ಅನ್ನ ಬಿಟ್ಟವರ ತೂಕ ನಿಂತಾಗ

ಕೇಳುಗರಿಗೆಲ್ಲ ನಮಸ್ಕಾರ.

ಅನ್ನ ಬಿಟ್ಟು ತೂಕ ಇಳಿಸುವವರು ಈಗ ಮಂಗಳೂರು, ಉಡುಪಿಯಲ್ಲಿ ಬೀದಿಗೊಬ್ಬರಾದರೂ ಸಿಗುತ್ತಾರೆ. ಕುಚ್ಚಲಕ್ಕಿ ಗಂಜಿ ಉಂಡು ಬೆಳೆದವರಿಗೆ ಇದು ಸಣ್ಣ ಮಾತಲ್ಲ. ಬೆಳಗ್ಗೆ ನೀರ್‌ದೋಸೆ ಇಲ್ಲ, ಮಧ್ಯಾಹ್ನ ಅನ್ನ ಇಲ್ಲ, ಸಂಜೆ ಗೋಳಿಬಜೆ ಇಲ್ಲ. ಮೊದಲ ತಿಂಗಳು ತೂಕ ಸರಸರ ಇಳಿಯುತ್ತದೆ. ‘ಎಂತ ಮಾರ್ರೆ, ಸಪೂರ ಆಗಿದ್ದೀರಲ್ಲ’ ಎಂದು ನಾಲ್ಕು ಜನ ಕೇಳುತ್ತಾರೆ. ಆಮೇಲೆ ಒಂದು ದಿನ ಮೆಷಿನಿನ ಮುಳ್ಳು ನಿಲ್ಲುತ್ತದೆ. ವಾರ ಕಳೆಯಿತು, ಎರಡು ವಾರ ಕಳೆಯಿತು, ಅದೇ ಅಂಕಿ. ಆಹಾರದ ಸಲಹೆ ಕೇಳಿ ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಬರುವುದು ಈ ಹಂತದಲ್ಲೇ. ಕೇಳುವುದೂ ಒಂದೇ ಪ್ರಶ್ನೆ. ‘ಮೇಡಂ, ಇನ್ನು ಎಂತ ಬಿಡಬೇಕು?’

ಬಿಡುವ ಮಾತು ಆಮೇಲೆ. ತೂಕ ನಿಜವಾಗಿ ನಿಂತಿದೆಯಾ, ಅದನ್ನು ಮೊದಲು ನೋಡೋಣ.

ಮೊದಲ ಎರಡು ವಾರ ಇಳಿದದ್ದರಲ್ಲಿ ಕೊಬ್ಬಿಗಿಂತ ನೀರೇ ಜಾಸ್ತಿ. ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ದೊಡ್ಡವರಲ್ಲಿ ಸುಮಾರು ಅರ್ಧ ಕಿಲೋ. ಅದರ ಒಂದೊಂದು ಗ್ರಾಂ ಜೊತೆಗೂ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಅನ್ನ ನಿಲ್ಲಿಸಿದಾಗ ದೇಹ ಈ ದಾಸ್ತಾನನ್ನು ಖರ್ಚು ಮಾಡುತ್ತದೆ, ನೀರೂ ಹೊರಗೆ ಹೋಗುತ್ತದೆ. ಇನ್ಸುಲಿನ್ ಮಟ್ಟ ಇಳಿದಾಗ ಕಿಡ್ನಿ ಉಪ್ಪನ್ನೂ ಹೆಚ್ಚು ಬಿಡುತ್ತದೆ, ಅದರ ಹಿಂದೆ ಇನ್ನಷ್ಟು ನೀರು. ಆ ವೇಗವನ್ನೇ ಲೆಕ್ಕ ಎಂದು ಹಿಡಿದರೆ ಎರಡನೇ ತಿಂಗಳಲ್ಲಿ ಬೇಸರವೇ ಆಗುವುದು. ವಾರಕ್ಕೆ ಅರ್ಧ ಕಿಲೋ ಇಳಿದರೆ ಅದು ಒಳ್ಳೆಯ ವೇಗ. ಕಾಲು ಕಿಲೋ ಇಳಿದರೂ ತೂಕ ನಿಂತಿದೆ ಎಂದು ನಾನು ಹೇಳುವುದಿಲ್ಲ.

ಇನ್ನು ದಿನದಿನದ ಏರಿಳಿತ. ರಾತ್ರಿ ಒಣಮೀನಿನ ಚಟ್ನಿ ತಿಂದು ಬೆಳಗ್ಗೆ ಮೆಷಿನ್ ಹತ್ತಿದರೆ ಒಂದು ಕಿಲೋ ಏರಿರಬಹುದು. ಅದು ಉಪ್ಪು ಹಿಡಿದಿಟ್ಟ ನೀರು. ಒಂದು ಕಿಲೋ ಕೊಬ್ಬು ಎಂದರೆ ಸುಮಾರು 7,700 ಕ್ಯಾಲೊರಿ. ಒಂದು ಮದುವೆ ಊಟದಲ್ಲಿ, ಹೋಳಿಗೆ ಎರಡು ಸಲ ಹಾಕಿಸಿಕೊಂಡರೂ, ಅಷ್ಟು ಕೂಡಿಕೊಳ್ಳಲು ಸಾಧ್ಯವಿಲ್ಲ. ಹೆಂಗಸರಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ಒಂದೆರಡು ಕಿಲೋ ನೀರು ಬರುವುದೂ ಉಂಟು. ಹಾಗಾಗಿ ಬೆಳಗ್ಗೆ ಎದ್ದು, ಕಾಫಿಗೆ ಮೊದಲು, ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡಿ. ವಾರದ ಸರಾಸರಿ ತೆಗೆಯಿರಿ. ಜೊತೆಗೆ ಟೇಪ್ ಹಿಡಿದು ಸೊಂಟ ಅಳೆಯಿರಿ. ನಮ್ಮ ದೇಶದವರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಜಾಗ್ರತೆ ಎನ್ನುವುದು ವೈದ್ಯರ ಲೆಕ್ಕ. ಎಷ್ಟೋ ಸಲ ಮೆಷಿನ್ ನಿಂತಿರುತ್ತದೆ, ಟೇಪ್ ಇಳಿಯುತ್ತಾ ಇರುತ್ತದೆ. ನಾಲ್ಕು ವಾರ ಎರಡೂ ಅಲ್ಲಾಡದಿದ್ದರೆ ಮಾತ್ರ ನಿಂತಿದೆ ಎನ್ನೋಣ.

ಯಾಕೆ ನಿಲ್ಲುತ್ತದೆ? ಇಳಿದ ದೇಹಕ್ಕೆ ಖರ್ಚು ಕಡಿಮೆ. 80 ಕಿಲೋ ಹೊತ್ತು ಮೆಟ್ಟಿಲು ಹತ್ತುವುದಕ್ಕೂ 70 ಕಿಲೋ ಹೊತ್ತು ಹತ್ತುವುದಕ್ಕೂ ವ್ಯತ್ಯಾಸ ಇಲ್ವಾ? ಆದರೆ ಹೆಚ್ಚು ಕಾಟ ಕೊಡುವುದು ಹಸಿವು. ಅಮೆರಿಕದ ವಿಜ್ಞಾನಿ ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಒಂದು ಕಿಲೋ ಇಳಿದರೆ ದಿನದ ಖರ್ಚು ಸುಮಾರು 25 ಕ್ಯಾಲೊರಿ ಕಡಿಮೆ ಆಗುತ್ತದೆ. ಹಸಿವು ಮಾತ್ರ ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ಅಂದರೆ ಇಳಿದಷ್ಟೂ ದೇಹ ‘ಇನ್ನೊಂದು ಸೌಟು ಹಾಕು’ ಎನ್ನುತ್ತದೆ, ನಮಗೆ ಗೊತ್ತೇ ಆಗದ ಹಾಗೆ ನಾವು ಹಾಕುತ್ತೇವೆ. ಇದರಲ್ಲಿ ನಿಮ್ಮ ಮನಸ್ಸಿನ ದೌರ್ಬಲ್ಯ ಏನೂ ಇಲ್ಲ.

ಆ ಇನ್ನೊಂದು ಸೌಟು ಯಾವುದರದ್ದು? ಅನ್ನದ್ದಲ್ಲ, ಅದನ್ನು ಬಿಟ್ಟಾಗಿದೆ. ನಮ್ಮ ಕರಾವಳಿಯಲ್ಲಿ ಅದು ತೆಂಗಿನಕಾಯಿಯದ್ದು. ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಕಾರ್ಬ್, ಅಂದರೆ ಅನ್ನ, ಚಪಾತಿ, ಸಕ್ಕರೆಯಲ್ಲಿರುವ ಕಾರ್ಬೋಹೈಡ್ರೇಟ್, ಕಡಿಮೆ ಮಾಡುವವರಿಗೆ ತೆಂಗಿನಕಾಯಿ, ಗೇರುಬೀಜ, ತುಪ್ಪ, ತೆಂಗಿನೆಣ್ಣೆ ಎಲ್ಲವೂ ‘ತಿನ್ನಬಹುದು’ ಪಟ್ಟಿಯಲ್ಲಿ ಇರುತ್ತವೆ. ತಿನ್ನಬಹುದು, ನಿಜ. ಆದರೆ ಪಟ್ಟಿಯಲ್ಲಿದೆ ಎಂದು ಯಾರೂ ಅಳೆಯುವುದಿಲ್ಲ. 100 ಗ್ರಾಂ ಅನ್ನದಲ್ಲಿ ಸುಮಾರು 130 ಕ್ಯಾಲೊರಿ. 100 ಗ್ರಾಂ ಹಸಿ ತೆಂಗಿನ ತುರಿಯಲ್ಲಿ ಸುಮಾರು 350. ನಾಲ್ಕು ಜನರ ಗಸಿಗೆ, ಅಂದರೆ ಕಾಯಿ ಅರೆದ ದಪ್ಪ ಸಾರಿಗೆ, ಒಂದು ಇಡೀ ಕಾಯಿ ತುರಿಯುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅನ್ನ ಇಲ್ಲದೆ ಹೊಟ್ಟೆ ತುಂಬಬೇಕಲ್ಲ ಎಂದು ಗಸಿಯನ್ನೇ ಎರಡು ಬಟ್ಟಲು ಉಣ್ಣುತ್ತೇವೆ. ಪಕ್ಕದಲ್ಲಿ ತೆಂಗಿನ ತುರಿ ಉದುರಿಸಿದ ಕೋಳಿ ಸುಕ್ಕ. ಕೊಂಕಣಿ ಮನೆಯಾದರೆ ತೆಂಡ್ಲಿ ಬಿಬ್ಬೊ ಉಪ್ಕರಿ, ಅದರಲ್ಲಿ ಹೆಕ್ಕಿ ತಿನ್ನುವುದು ತೊಂಡೆಕಾಯಿಯನ್ನೋ ಗೇರುಬೀಜವನ್ನೋ ಎಂದು ನಾನು ಕೇಳುವುದಿಲ್ಲ. 30 ಗ್ರಾಂ ಗೇರುಬೀಜ, ಅಂದರೆ ಒಂದು ಸಣ್ಣ ಹಿಡಿ, ಸುಮಾರು 165 ಕ್ಯಾಲೊರಿ. ಒಂದು ದೊಡ್ಡ ಚಮಚ ತೆಂಗಿನೆಣ್ಣೆ 120. ಭಾನುವಾರ ಕುಂದಾಪುರದ ಕೋಳಿ ಗೀ ರೋಸ್ಟ್ ಆದರೆ ಲೆಕ್ಕ ಕೇಳದಿರುವುದೇ ಒಳ್ಳೆಯದು.

ಹಾಗಾದರೆ ತೆಂಗಿನಕಾಯಿ ಬಿಡಿ ಎನ್ನುತ್ತೇನಾ? ಈ ಊರಿನಲ್ಲಿ ಕೂತು ಹಾಗೆ ಹೇಳುವ ಧೈರ್ಯ ನನಗಿಲ್ಲ, ಅಗತ್ಯವೂ ಇಲ್ಲ. ಒಂದು ವಾರ ಸಣ್ಣ ತೂಕದ ಮೆಷಿನನ್ನು ಅಡುಗೆಮನೆಯಲ್ಲಿ ಇಟ್ಟುಕೊಳ್ಳಿ. ತುರಿದ ಕಾಯಿ, ಸುರಿದ ಎಣ್ಣೆ, ಸಂಜೆ ಡಬ್ಬಿಯಿಂದ ತೆಗೆದ ಬೀಜ, ಇಷ್ಟನ್ನು ಮಾತ್ರ ತೂಗಿ. ಸೊಪ್ಪು ತರಕಾರಿ ತೂಗಬೇಡಿ, ತಲೆನೋವು. ಆಮೇಲೆ ಅಡುಗೆಯಲ್ಲಿ ಸ್ವಲ್ಪ ಬದಲಾವಣೆ. ಅದಕ್ಕೆ ಹೊರಗಿನಿಂದ ಏನೂ ತರಬೇಕಾಗಿಲ್ಲ. ಬಂಗುಡೆ ಪುಳಿಮುಂಚಿ ಉಂಟಲ್ಲ, ಅದಕ್ಕೆ ಕಾಯಿ ಬೇಕಾಗಿಲ್ಲ. ಮೆಣಸು, ಹುಣಸೆಹುಳಿಯಲ್ಲೇ ಅದರ ರುಚಿ. ಸಸ್ಯಾಹಾರಿಗಳಿಗೆ ಬೋಳು ಹುಳಿ ಇದೆ, ನಮ್ಮ ಅಜ್ಜಿಯಂದಿರು ಕಾಯಿ ಇಲ್ಲದ ದಿನ ಮಾಡುತ್ತಿದ್ದದ್ದು. ವಾರದಲ್ಲಿ ನಾಲ್ಕು ದಿನ ಹೀಗೆ, ಮೂರು ದಿನ ಕಾಯಿ ಹಾಕಿದ್ದು. ಮೀನನ್ನು ರವೆಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಮುಳುಗಿಸುವ ಬದಲು, ಮಸಾಲೆ ಹಚ್ಚಿ ಬಾಳೆಎಲೆಯಲ್ಲಿ ಸುತ್ತಿ ಕಾವಲಿ ಮೇಲೆ ಇಡಿ. ಇಷ್ಟರಲ್ಲೇ ದಿನಕ್ಕೆ ಇನ್ನೂರು ಮುನ್ನೂರು ಕ್ಯಾಲೊರಿ ಕಡಿಮೆಯಾಗಬಹುದು.

ಹಿಂಬಾಗಿಲಿನಿಂದ ಅಕ್ಕಿ ಬರುವುದೂ ಉಂಟು. ಪತ್ರೊಡೆಯನ್ನು ಸೊಪ್ಪು ಎಂದು ತಿನ್ನುವವರಿದ್ದಾರೆ. ಕೆಸುವಿನ ಎಲೆ ತೆಳ್ಳಗೆ, ಮೇಲೆ ಹಚ್ಚಿದ ಅಕ್ಕಿ ದಪ್ಪ. ರಾಗಿ, ಚಪಾತಿ ಕೂಡ ಕಾರ್ಬೇ. ಏಕಾದಶಿಗೆ ಉಪವಾಸ ಎಂದು ಮೂರು ಹೊತ್ತು ಅವಲಕ್ಕಿ, ಸಜ್ಜಿಗೆ ತಿಂದರೆ ಉಪವಾಸದ ಪುಣ್ಯ ಬರಬಹುದು, ತೂಕ ಇಳಿಯುವುದಿಲ್ಲ.

ಕರಾವಳಿಯಲ್ಲಿ ತೂಕ ನಿಲ್ಲುವುದಕ್ಕೆ ಒಂದು ಕಾಲವೂ ಇದೆ. ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮಲ್ಪೆ, ಮಂಗಳೂರು ಬಂದರುಗಳಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ತಾಜಾ ಮೀನು ಕಡಿಮೆ, ಸಿಕ್ಕಿದರೂ ಕೈ ಸುಡುವ ರೇಟು. ತಟ್ಟೆಗೆ ಒಣಮೀನು ಬರುತ್ತದೆ, ಉಪ್ಪು ಏರುತ್ತದೆ. ಹೊರಗೆ ಜಡಿಮಳೆ, ಒಳಗೆ ಬಿಸಿ ಬಿಸಿ ಹಲಸಿನ ಹಪ್ಪಳ. ಮಂಗಳೂರಿನ ಕದ್ರಿ ಪಾರ್ಕಿನಲ್ಲೋ ಉಡುಪಿಯ ಅಜ್ಜರಕಾಡಿನಲ್ಲೋ ದಿನಾ ನಡೆಯುತ್ತಿದ್ದವರು ಕೊಡೆ ಹಿಡಿದು ಎರಡು ದಿನ ನೋಡಿ ಬಿಟ್ಟುಬಿಡುತ್ತಾರೆ. ಮಳೆಗಾಲದ ಆಟಿ ತಿಂಗಳಲ್ಲಿ ಬಂದು ‘ಕೀಟೋ (ಕಾರ್ಬ್ ತೀರಾ ಕಡಿಮೆ ಮಾಡುವ ಪಥ್ಯ) ಕೆಲಸ ಮಾಡುತ್ತಿಲ್ಲ’ ಎಂದರೆ ನಾನು ಮೊದಲು ಕೇಳುವುದು, ‘ವಾಕಿಂಗ್ ಎಲ್ಲಿ ಹೋಯಿತು?’ ಮನೆಯ ಚಾವಡಿಯಲ್ಲೇ ನಡೆದರೂ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥ ವ್ಯಾಯಾಮ, ಎರಡು ದಿನ ಸ್ನಾಯು ಗಟ್ಟಿಮಾಡುವ ಕೆಲಸ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂತರೂ ಅದು ಸ್ನಾಯುವಿನ ಕೆಲಸವೇ.

ಸ್ನಾಯು ಉಳಿಯಬೇಕಾದರೆ ಪ್ರೋಟೀನ್ ಬೇಕು. ಮೀನು ತಿನ್ನುವವರಿಗೆ ಇದು ಸುಲಭ. 100 ಗ್ರಾಂ ಬಂಗುಡೆಯಲ್ಲಿ ಸುಮಾರು 19 ಗ್ರಾಂ ಪ್ರೋಟೀನ್, ಒಂದು ಮೊಟ್ಟೆಯಲ್ಲಿ 6. ಉಡುಪಿಯ ಸಸ್ಯಾಹಾರಿ ಮನೆಗಳಲ್ಲಿ ಕಷ್ಟ. ಅನ್ನ ತೆಗೆದ ಜಾಗಕ್ಕೆ ಪಲ್ಯ ಬಂತು, ಮಜ್ಜಿಗೆ ಬಂತು, ಪ್ರೋಟೀನ್ ಬರಲಿಲ್ಲ. ಪನೀರ್, ಸೋಯಾ, ಗಟ್ಟಿ ಮೊಸರು, ಮೊಳಕೆ ಬಂದ ಹೆಸರು ಇವುಗಳಲ್ಲಿ ಒಂದಾದರೂ ಪ್ರತಿ ಊಟದಲ್ಲಿ ಇರಲಿ. ಕಾಳಿನಲ್ಲಿ ಕಾರ್ಬ್ ಇದೆ ಎಂದು ಹೆದರಿ ಅದನ್ನೂ ಬಿಟ್ಟವರನ್ನು ನೋಡಿದ್ದೇನೆ. ಆ ಹೆದರಿಕೆ ಬೇಡ.

ತೂಕ ನಿಂತ ಕೂಡಲೇ ಕಾರ್ಬನ್ನು ಸೊನ್ನೆಗೆ ಇಳಿಸುವ ಆತುರವೂ ಬೇಡ. ಕಾರ್ಬ್ ಕಡಿತದಲ್ಲಿ ಮಂತ್ರ ಏನೂ ಇಲ್ಲ. 2018ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಗಾರ್ಡ್‌ನರ್ ತಂಡ 609 ಜನರ ಅಧ್ಯಯನ ಪ್ರಕಟಿಸಿತು. ಒಂದು ವರ್ಷದಲ್ಲಿ ಕಾರ್ಬ್ ಕಡಿಮೆ ಮಾಡಿದವರು ಸರಾಸರಿ 6 ಕಿಲೋ ಇಳಿದರು, ಕೊಬ್ಬು ಕಡಿಮೆ ಮಾಡಿದವರು 5.3 ಕಿಲೋ. ಹೆಚ್ಚು ಕಡಿಮೆ ಒಂದೇ. ನಿಮಗೆ ದಿನಕ್ಕೊಂದು ಸಣ್ಣ ಬಟ್ಟಲು ಗಂಜಿ ಇಟ್ಟುಕೊಂಡರೆ ಉಳಿದ ಪಥ್ಯ ಸಲೀಸಾಗಿ ನಡೆಯುತ್ತದೆ ಎಂದಾದರೆ, ಗಂಜಿ ಇರಲಿ ಎನ್ನುವವಳು ನಾನು.

ಇಳಿದದ್ದನ್ನು ಹಾಗೇ ಉಳಿಸಿಕೊಂಡು ಮೂರು ತಿಂಗಳು ನಿಲ್ಲುವುದೂ ಒಂದು ದಾರಿ. ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. ಚೆನ್ನೈನ ಡಾಕ್ಟರ್ ಎ. ರಾಮಚಂದ್ರನ್ ಮತ್ತು ತಂಡ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಿಗೆ ಊಟ ಮತ್ತು ನಡಿಗೆ ಬದಲಿಸಲು ಹೇಳಿ ಕೆಲವು ವರ್ಷ ನೋಡಿಕೊಂಡಿತು. 2006ರಲ್ಲಿ ಫಲಿತಾಂಶ ಬಂತು. ಕಾಯಿಲೆ ಬರುವ ಸಾಧ್ಯತೆ 28.5 ಶೇಕಡಾ ಕಡಿಮೆಯಾಗಿತ್ತು. ತೂಕ ಇಳಿದೇ ಇರಲಿಲ್ಲ ಎನ್ನಬಹುದು. ಮುಳ್ಳು ನಿಂತಿದ್ದರೂ ಒಳಗೆ ಲಾಭ ಆಗುತ್ತಿರಬಹುದು, ಅಲ್ವಾ? ಆದ್ದರಿಂದ ಸಕ್ಕರೆ, ಬಿಪಿ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಒಮ್ಮೆ ನೋಡಿಸಿ. ತುಂಬಾ ಸುಸ್ತು, ಮಲಬದ್ಧತೆ, ಕೂದಲು ಉದುರುವುದು ಇದ್ದರೆ ಥೈರಾಯ್ಡ್ ಕೂಡ.

ಮಾತ್ರೆ ತೆಗೆದುಕೊಳ್ಳುವವರಿಗೆ ಒಂದು ಮಾತು ಬಾಕಿ ಇದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಮಾತ್ರೆ ಮೇಲೆ ಇರುವವರು ಅನ್ನ ಬಿಟ್ಟು ಅದೇ ಡೋಸ್ ಮುಂದುವರಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಗಳ ಜೊತೆ ಕಾರ್ಬ್ ತೀರಾ ಕಡಿಮೆ ಮಾಡಿದರೆ ಕೀಟೋಆಸಿಡೋಸಿಸ್, ಅಂದರೆ ರಕ್ತದಲ್ಲಿ ಆಮ್ಲ ಅಪಾಯದಷ್ಟು ಏರುವುದು, ಆಗುವ ಭಯ ಇದೆ. ಆಗ ಸಕ್ಕರೆ ಹೆಚ್ಚು ಕಡಿಮೆ ಸರಿಯಾಗಿಯೇ ಕಾಣಬಹುದು, ಅದೇ ಮೋಸ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಬಿಪಿ ಮಾತ್ರೆಯವರಿಗೆ ಎದ್ದು ನಿಂತಾಗ ತಲೆ ತಿರುಗಿದರೆ ಡೋಸ್ ಜಾಸ್ತಿ ಆಗಿದೆಯಾ ಎಂದು ಡಾಕ್ಟರರಲ್ಲಿ ಕೇಳಿ. ಬಸುರಿಯರು, ಹಾಲೂಡಿಸುವ ತಾಯಂದಿರು, ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಈ ಪಥ್ಯಕ್ಕೆ ಕೈ ಹಾಕಲೇಬೇಡಿ. ಸ್ಟೀರಾಯ್ಡ್ ಅಥವಾ ಮನೋರೋಗದ ಕೆಲವು ಮಾತ್ರೆಗಳಿಂದಲೂ ತೂಕ ನಿಲ್ಲುತ್ತದೆ, ಏರುತ್ತದೆ. ನೀವಾಗಿ ನಿಲ್ಲಿಸಬೇಡಿ. ಮಾತ್ರೆಗಳ ಚೀಟಿಯನ್ನೂ ನಾಲ್ಕು ವಾರ ಬರೆದಿಟ್ಟ ತೂಕದ ಲೆಕ್ಕವನ್ನೂ ಹಿಡಿದುಕೊಂಡು ವೈದ್ಯರ ಹತ್ತಿರ ಹೋಗಿ.

ನಮಸ್ಕಾರ.