ಗ್ರಹ ಹುಡುಕಲು ರೇಡಿಯೊ ಟ್ಯೂನ್ ಮಾಡಬೇಕಾ? ಉತ್ತರ ಗೌರಿಬಿದನೂರಿನಲ್ಲಿದೆ!

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದ ವೀಕ್ಷಕರೊಬ್ಬರು ಕೇಳಿದ್ದಾರೆ: "ಅಣ್ಣಾ, ಎಲೀಟ್ ಡೇಂಜರಸ್‌ನಲ್ಲಿ ಹೊಸ ನಕ್ಷತ್ರಕ್ಕೆ ಹೋದ ತಕ್ಷಣ ಹಡಗು ನಿಲ್ಲಿಸಿ ಟ್ಯೂನ್ ಮಾಡ್ತಾ ಕೂರಬೇಕು. ಇದನ್ನ ಅನ್ವೇಷಣೆ ಅಂತಾರಾ?"

ಆಟ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. 2014ರಲ್ಲಿ ಬಂದ ಬಾಹ್ಯಾಕಾಶದ ವಿಡಿಯೊ ಗೇಮ್. ನಮ್ಮ ಗ್ಯಾಲಕ್ಸಿಯೇ ಅದರೊಳಗಿದೆ, ಸುಮಾರು 40,000 ಕೋಟಿ ನಕ್ಷತ್ರ ವ್ಯವಸ್ಥೆಗಳು. ಯಾರು ಮೊದಲು ಕಂಡುಹಿಡಿದರೋ ಅವರ ಹೆಸರು ಆ ಗ್ರಹಕ್ಕೆ ಅಂಟಿಕೊಳ್ಳುತ್ತದೆ.

ಮೊದಲು ಒಂದು ಬಟನ್ ಒತ್ತಿ ಹಿಡಿದರೆ ಸಾಕಿತ್ತು. ಹಾರ್ನ್ ಥರ ಸದ್ದು ಬರುತ್ತದೆ, ಅದಕ್ಕೇ ಆಟಗಾರರು 'ಹಾಂಕ್' ಅನ್ನುತ್ತಾರೆ. ಒಳ್ಳೆ ಸ್ಕ್ಯಾನರ್ ಇದ್ದರೆ ಎಲ್ಲ ಗ್ರಹಗಳ ಚಿತ್ರ ಒಟ್ಟಿಗೇ ಬರುತ್ತಿತ್ತು. ವಿವರ ಬೇಕೆಂದರೆ ಮಾತ್ರ ಹತ್ತಿರ ಹಾರಿಹೋಗಬೇಕಿತ್ತು. 2018ರ ಡಿಸೆಂಬರ್ ಅಪ್‌ಡೇಟ್ ಇದನ್ನು ಬದಲಾಯಿಸಿತು. ಈಗ ಹಾಂಕ್ ಮಾಡಿದರೆ ಸಿಗುವುದು ರೇಡಿಯೊ ಡಯಲ್‌ನಂಥ ಒಂದು ಅಡ್ಡ ಸಿಗ್ನಲ್ ಪಟ್ಟಿ. ಫ್ರೀಕ್ವೆನ್ಸಿ ಟ್ಯೂನ್ ಮಾಡಿ, ನೀಲಿ ಚುಕ್ಕೆ ಹುಡುಕಿ, ಝೂಮ್ ಮಾಡಬೇಕು, ಆಗ ಕೂತಲ್ಲೇ ಗ್ರಹದ ವಿವರ ಸಿಗುತ್ತದೆ.

ಆಟಗಾರರು ಎರಡು ಪಾಳಯವಾದರು. ದೂರದ ಗ್ರಹಕ್ಕೆ ಸುಮ್ನೆ ನೇರ ಹಾರಿ ಸುಸ್ತಾದವರಿಗೆ ನೆಮ್ಮದಿ. ಇದೇ ಆಟದ ಹಟನ್ ಆರ್ಬಿಟಲ್ ನಿಲ್ದಾಣಕ್ಕೆ ಹೋಗಲು 0.22 ಜ್ಯೋತಿರ್ವರ್ಷ, ಒಂದು ಗಂಟೆಗೂ ಮೇಲೆ ಬೇಕು, ಯೋಚಿಸಿ! ಇನ್ನೊಂದು ಪಾಳಯದ ದೂರು: ಚಿತ್ರ ನೋಡಿ ಎಲ್ಲಿಗೆ ಹೋಗಬೇಕೆಂದು ನಾವೇ ಆರಿಸುತ್ತಿದ್ದೆವು, ಆ ಖುಷಿ ಹೋಯಿತು.

ಈಗ ಗೌರಿಬಿದನೂರಿಗೆ ಬನ್ನಿ.

[ಪರದೆಯಲ್ಲಿ: ಬಯಲಲ್ಲಿ ಸಾಲುಸಾಲು ಆಂಟೆನಾಗಳು]

ಇಲ್ಲಿ ಭಾರತೀಯ ಖಭೌತ ಸಂಸ್ಥೆಯ ರೇಡಿಯೊ ಹೀಲಿಯೊಗ್ರಾಫ್ ಇದೆ. 1997ರಿಂದ ಸೂರ್ಯನನ್ನು ನೋಡುತ್ತಿದೆ, ಕಣ್ಣಿಗೆ ಕಾಣುವ ಬೆಳಕಿನಲ್ಲಲ್ಲ, ರೇಡಿಯೊ ಅಲೆಗಳಲ್ಲಿ. ನನಗೆ ಮೈ ಜುಂ ಅನ್ನಿಸುವ ವಿಷಯ ಇದು: ಇಲ್ಲಿ ಫ್ರೀಕ್ವೆನ್ಸಿ ಬದಲಾಯಿಸಿದರೆ ಸೂರ್ಯನ ಬೇರೆ ಎತ್ತರ ಕಾಣುತ್ತದೆ. ಸೂರ್ಯನ ಸುತ್ತ ಕರೋನಾ ಎಂಬ ಬಿಸಿ ಅನಿಲದ ಹೊದಿಕೆ ಇದೆ, ಅಲ್ವಾ? ಮೇಲೆ ಹೋದಂತೆ ಅದು ತೆಳುವಾಗುತ್ತದೆ. ಕಡಿಮೆ ಫ್ರೀಕ್ವೆನ್ಸಿಯ ಅಲೆಗಳು ದಟ್ಟ ಅನಿಲದಿಂದ ಹೊರಬರಲಾರವು, ತೆಳು ಜಾಗದಿಂದಷ್ಟೇ ಬರುತ್ತವೆ. ಹಾಗಾಗಿ 40 ಮೆಗಾಹರ್ಟ್ಸ್‌ನಲ್ಲಿ ಮೇಲಿನ ಪದರ, 100ರಲ್ಲಿ ಅದಕ್ಕಿಂತ ಕೆಳಗಿನ ಪದರ. ಸೂರ್ಯ ಅದೇ, ಜಾಗ ಅದೇ, ಟ್ಯೂನಿಂಗ್ ಮಾತ್ರ ಬೇರೆ. 15 ಕೋಟಿ ಕಿಲೋಮೀಟರ್ ದೂರದ ಬೆಂಕಿಯನ್ನು ನಮ್ಮ ಜಿಲ್ಲೆಯ ಹೊಲಗಳ ಪಕ್ಕ ಕೂತು ಪದರ ಪದರವಾಗಿ ಬಿಡಿಸುತ್ತಿದ್ದಾರೆ!

ಹಾಗಾಗಿ ನಿಂತಲ್ಲೇ ಟ್ಯೂನ್ ಮಾಡುವುದು ಅನ್ವೇಷಣೆಯೇ, ಅದೂ ಅಪ್ಪಟ. ಆಟದ ಪಟ್ಟಿಯನ್ನೂ ಓದಲು ಕಲಿಯಬಹುದು. ಬಲತುದಿಯಲ್ಲಿ ಅನಿಲ ದೈತ್ಯರು, ಅಂದರೆ ಗುರುವಿನಂಥ ಅನಿಲ ಗ್ರಹಗಳು, ಅವುಗಳ ಎಡಕ್ಕೆ ಭೂಮಿಯಂಥ ಗ್ರಹಗಳು, ನೀರಿನ ಲೋಕಗಳು. ಅಲ್ಲಿ ಒಂದು ಗುರುತು ಎದ್ದರೆ ಝೂಮ್ ಮಾಡುವ ಮೊದಲೇ ಎದೆ ಡವಡವ.

ಟೈಮ್ ಕಡಿಮೆ ಇದೆ, ಉಳಿದದ್ದು ಒಂದೇ ಉಸಿರಲ್ಲಿ. ಆಟದಲ್ಲಿ ಗ್ರಹದ ನಕ್ಷೆ ಮಾಡಲು ಪ್ರೋಬ್ (ಪುಟ್ಟ ಶೋಧಕ) ಎಸೆಯಬೇಕು. ಕಡಿಮೆ ಪ್ರೋಬ್‌ನಲ್ಲಿ ಮುಗಿಸಿದರೆ ಬೋನಸ್, ಅದು ಸೂಪರ್. 2021ರಲ್ಲಿ ಬಂದ ಇದೇ ಆಟದ ಒಡಿಸ್ಸಿ ವಿಸ್ತರಣೆಯಲ್ಲಿ ಜೀವಿಗಳು ಎಲ್ಲಿರಬಹುದು ಎಂದು ನಕ್ಷೆಯೇ ಬಣ್ಣದಲ್ಲಿ ತೋರಿಸುತ್ತದೆ, ಆದರೂ ಇಳಿದು ಹುಡುಕುವುದು ಜಾಸ್ತಿ ಹೊತ್ತು ಹಿಡಿಯುತ್ತದೆ. 2010ರ ಇನ್ನೊಂದು ಬಾಹ್ಯಾಕಾಶ ಆಟ ಮಾಸ್ ಎಫೆಕ್ಟ್ 2ರಲ್ಲಿ ಖನಿಜ ಹುಡುಕಿ ಬೇಸತ್ತವರ ದೂರು ಬೇರೆಯೇ: ಅಲ್ಲಿ ಕರ್ಸರ್ ಎಳೆಯುವುದಷ್ಟೇ, ಓದಿ ತಿಳಿಯಲು ಹೆಚ್ಚೇನೂ ಇರಲಿಲ್ಲ.

ಎರಡನೇ ಪಾಳಯದ ಒಂದು ಮಾತು ಮಾತ್ರ ನೂರಕ್ಕೆ ನೂರು ಸರಿ. ಸ್ಕ್ಯಾನರ್ ತೆರೆದರೆ ಹಡಗು ನಿಧಾನವಾಗಲೇಬೇಕು. ಹಾರುತ್ತಲೇ ಟ್ಯೂನ್ ಮಾಡಲು ಬಿಡಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.