ತೂಕದ ಮುಳ್ಳು ಹೇಳದ ಮಾತು

ಎಲ್ಲರಿಗೂ ನಮಸ್ಕಾರ. ನಾನು ಕಾರ್ಕಳದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಕಳೆದ ವರ್ಷ ಕಬಡ್ಡಿ ಪಂದ್ಯದ ದಿನ ಬೆಳಿಗ್ಗೆ ತೂಕ ನೋಡುವಾಗ ನಮ್ಮ ತಂಡದ ಒಬ್ಬಳು ಹುಡುಗಿ ಒಂದೂವರೆ ಕೆಜಿ ಜಾಸ್ತಿ ಬಂದಳು. ಕಬಡ್ಡಿಗೆ ತೂಕದ ಮಿತಿ ಉಂಟಲ್ಲ. ಹಿಂದಿನ ರಾತ್ರಿ ಅವಳು ಊಟ ಬಿಟ್ಟಿದ್ದಳಂತೆ, ಬೆಳಿಗ್ಗೆ ನೀರು ಕೂಡ ಕುಡಿದಿರಲಿಲ್ಲ. ಆದರೂ ಆಗಲಿಲ್ಲ. ನಮ್ಮಲ್ಲಿ ಕಾಲು ಹಿಡಿದರೆ ಬಿಡದವಳು ಅವಳೊಬ್ಬಳೇ, ಆ ದಿನ ಪೂರ್ತಿ ಗ್ರೌಂಡಿನ ಬದಿಯಲ್ಲಿ ಕೂತು ಉಳಿದವರ ಬ್ಯಾಗು ಕಾದಳು. ಬಸ್ಸಿನಲ್ಲಿ ವಾಪಸ್ ಬರುವಾಗ ಕೇಳಿದಳು, “ಟೀಚರ್, ನನ್ನ ಹಾಗೆ ದಪ್ಪ ಇರುವವರಿಗೆ ಯಾವ ಆಟವೂ ಇಲ್ವಾ?”

ಉಂಟು ಅಂತ ಹೇಳಿದೆ. ಆ ಆಟದ ಹೆಸರು ರಗ್ಬಿ.

ರಗ್ಬಿಯಲ್ಲಿ ಒಂದು ಕಡೆ 15 ಜನ, 80 ನಿಮಿಷದ ಆಟ. ಮೊಟ್ಟೆಯ ಆಕಾರದ ಚೆಂಡನ್ನು ಹಿಡಿದು ಓಡಬೇಕು, ಎದುರಿನವರು ಹೆಗಲು ಕೊಟ್ಟು, ತೋಳಿನಿಂದ ಸುತ್ತಿ, ನೆಲಕ್ಕೆ ಕೆಡವುತ್ತಾರೆ. ಬಿದ್ದವಳು ಕೂಡಲೇ ಚೆಂಡು ಬಿಟ್ಟು, ಎದ್ದು ಮತ್ತೆ ಓಡಬೇಕು. ದೊಡ್ಡ ಮಟ್ಟದ ಪಂದ್ಯದಲ್ಲಿ ಒಬ್ಬ ಆಟಗಾರ್ತಿ ಹೀಗೆ ಐದಾರು ಕಿಲೋಮೀಟರ್ ಓಡುತ್ತಾಳೆ, ಅದೂ ಒಂದೇ ಸಮನೆ ಅಲ್ಲ, ಓಡಿ ನಿಂತು ಡಿಕ್ಕಿ ಹೊಡೆದು ಬಿದ್ದು ಎದ್ದು. ಏಳು ಜನರ ಸೆವೆನ್ಸ್ ಅಂತ ಇನ್ನೊಂದು ಉಂಟು, ಒಲಿಂಪಿಕ್ಸ್‌ನಲ್ಲಿ 2016ರಿಂದ ಇರುವುದು ಅದೇ. ಅದರದ್ದು ಬರೀ 14 ನಿಮಿಷದ ಪಂದ್ಯ, ಆದರೆ ಅಷ್ಟೇ ದೊಡ್ಡ ಗ್ರೌಂಡು, ಕೆಲವೊಮ್ಮೆ ಒಂದೇ ದಿನ ಎರಡು ಮೂರು ಪಂದ್ಯ.

ನನಗೆ ಈ ಆಟದಲ್ಲಿ ತುಂಬಾ ಇಷ್ಟ ಆದದ್ದು ಏನೆಂದರೆ, ಇದಕ್ಕೆ ಒಂದೇ ತರದ ಮೈಕಟ್ಟು ಸಾಲುವುದಿಲ್ಲ. ಹದಿನೈದು ಜನರಲ್ಲಿ ಎಂಟು ಮಂದಿ ಫಾರ್ವರ್ಡ್‌ಗಳು, ಏಳು ಮಂದಿ ಬ್ಯಾಕ್‌ಗಳು. ಸ್ಕ್ರಮ್ ಅಂತ ಒಂದು ಉಂಟು, ಎರಡೂ ಕಡೆಯ ಎಂಟೆಂಟು ಜನ ತಲೆ ತಗ್ಗಿಸಿ, ಒಬ್ಬರನ್ನೊಬ್ಬರು ಗಟ್ಟಿಯಾಗಿ ಹಿಡಿದು, ಎದುರು ಬದುರು ತಳ್ಳುವುದು. ಮಲ್ಪೆ ಕಡೆ ನಾಡದೋಣಿಯನ್ನು ನೀರಿಗೆ ಇಳಿಸುವಾಗ ಎಲ್ಲರೂ ಹೆಗಲು ಕೊಡುವುದನ್ನು ನೋಡಿದ್ದೀರಲ್ಲ, ಹಾಗೆ, ಆದರೆ ಇಲ್ಲಿ ಆಚೆಯಿಂದಲೂ ಎಂಟು ಜನ ತಳ್ಳುತ್ತಿರುತ್ತಾರೆ. ಅಲ್ಲಿ ಮುಂದೆ ನಿಲ್ಲುವವಳಿಗೆ ದಪ್ಪ ತೊಡೆ, ಅಗಲ ಬೆನ್ನು, ಗಟ್ಟಿ ಕುತ್ತಿಗೆ ಬೇಕೇ ಬೇಕು. ಅಂಚಿನಲ್ಲಿ ಓಡುವ ವಿಂಗರ್‌ಗೆ ಬೇಕಾದ್ದು ಬೇರೆ, ಹಗುರ ಮೈ, ಒಂದೇ ಹೆಜ್ಜೆಗೆ ವೇಗ. ಇಬ್ಬರೂ ಒಂದೇ ತಂಡದ ಜೆರ್ಸಿ ಹಾಕುತ್ತಾರೆ.

ಇಲೋನಾ ಮೇಹರ್ ಅಂತ ಅಮೆರಿಕದ ಆಟಗಾರ್ತಿ ಇದ್ದಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರ ತಂಡಕ್ಕೆ ಕಂಚು ಬಂತು. ಐದು ಅಡಿ ಹತ್ತು ಇಂಚು ಎತ್ತರ, ತೂಕ 90 ಕೆಜಿ. ಬಿಎಂಐ ಲೆಕ್ಕದಲ್ಲಿ ತಾನು 30ರ ಹತ್ತಿರ ಇದ್ದೇನೆ, ಅಂದರೆ ತೂಕ ಜಾಸ್ತಿ ಇರುವವಳು, ಅಂತ ಅವರೇ ಎಲ್ಲರ ಎದುರು ಹೇಳಿದರು. ಆದರೆ ಅದರಲ್ಲಿ ಸುಮಾರು 77 ಕೆಜಿ ಕೊಬ್ಬಲ್ಲ ಅನ್ನುವುದನ್ನೂ ಹೇಳಿದರು. ಬಿಎಂಐ ಅಂದರೆ ಕೆಜಿಯನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸುವ ಲೆಕ್ಕ, ಅಷ್ಟೇ. ನಮ್ಮ ದೇಶದಲ್ಲಿ ಮಿತಿ ಇನ್ನೂ ಕಡಿಮೆ, 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅನ್ನುತ್ತಾರೆ. ಆ ಲೆಕ್ಕಕ್ಕೆ ಸ್ನಾಯು ಯಾವುದು, ಮೂಳೆ ಯಾವುದು, ಕೊಬ್ಬು ಯಾವುದು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ದೊಡ್ಡ ತಂಡಗಳು ಡೆಕ್ಸಾ ಸ್ಕ್ಯಾನ್ ಮಾಡಿಸುತ್ತವೆ, ಅದರಲ್ಲಿ ಮೂರೂ ಬೇರೆ ಬೇರೆಯಾಗಿ ಕಾಣುತ್ತದೆ.

ಹಾಗಂತ ಸುಮ್ನೆ ತೂಕ ಏರಿಸಿದರೆ ಆಯಿತು ಅಂತ ತಿಳಿಯಬೇಡಿ. ಡಿಕ್ಕಿಯ ಬಲ ತೂಕದಿಂದಲೂ ಬರುತ್ತದೆ, ವೇಗದಿಂದಲೂ ಬರುತ್ತದೆ. ಬೇಡದ ಕೊಬ್ಬನ್ನು 80 ನಿಮಿಷ ಹೊತ್ತು ಓಡಿದರೆ ವೇಗ ಇಳಿಯುತ್ತದೆ. ಆದರೆ ಕೊಬ್ಬು ತೀರಾ ಕಡಿಮೆಯಾಗಲೂಬಾರದು, ಅದಕ್ಕಿಂತ ಮುಖ್ಯ, ಆಡಿದ್ದಕ್ಕೆ ತಕ್ಕಷ್ಟು ತಿನ್ನದೆ ಇರಬಾರದು. ತಿನ್ನದಿದ್ದರೆ ಹೆಣ್ಣುಮಕ್ಕಳಿಗೆ ಮೊದಲು ಮುಟ್ಟು ತಪ್ಪುತ್ತದೆ, ಆಮೇಲೆ ಮೂಳೆ ಸಪೂರ ಆಗುತ್ತದೆ, ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಪ್ರಾಕ್ಟೀಸ್ ಜೋರಾಗಿದೆ, ಮುಟ್ಟು ನಿಂತರೆ ಒಳ್ಳೆಯದೇ ಅಂತ ಹೇಳುವವರನ್ನು ನಾನೇ ಕೇಳಿದ್ದೇನೆ. ದಯವಿಟ್ಟು ಹಾಗೆ ಹೇಳಬೇಡಿ, ಎರಡು ಮೂರು ತಿಂಗಳು ನಿಂತರೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ.

ಪೆಟ್ಟಿನ ವಿಷಯವನ್ನೂ ಮುಚ್ಚಿಡುವುದಿಲ್ಲ. ಮೊಣಕಾಲಿನ ಒಳಗಿನ ಎಸಿಎಲ್ ಅನ್ನುವ ಕಟ್ಟು ಹರಿಯುವುದು ಹುಡುಗರಿಗಿಂತ ಹುಡುಗಿಯರಿಗೆ ಜಾಸ್ತಿ. ತಲೆಗೆ ಪೆಟ್ಟಾಗುವ ಭಯವೂ ಉಂಟು. 2025ರ ಮಹಿಳಾ ವಿಶ್ವಕಪ್‌ನಲ್ಲಿ ಆಟಗಾರ್ತಿಯರು ಹಲ್ಲಿಗೆ ಹಾಕುವ ಗಾರ್ಡಿನಲ್ಲಿ ಸೆನ್ಸರ್ ಇತ್ತು, ತಲೆಗೆ ಜೋರು ಏಟು ಬಿದ್ದರೆ ಅದರ ದೀಪ ಮಿನುಗುತ್ತಿತ್ತು. ಅದರ ಫೈನಲ್‌ನಲ್ಲಿ ಇಂಗ್ಲೆಂಡ್ ಕೆನಡಾವನ್ನು 33-13ರಿಂದ ಸೋಲಿಸಿದಾಗ ಲಂಡನ್ನಿನ ಗ್ಯಾಲರಿಯಲ್ಲಿ 81,885 ಜನ ಇದ್ದರು. ಹೆಣ್ಣುಮಕ್ಕಳ ರಗ್ಬಿ ನೋಡಲು ಅಷ್ಟು ಜನ! ನಮ್ಮ ದೇಶದ ಹುಡುಗಿಯರೂ ಹಿಂದೆ ಬಿದ್ದಿಲ್ಲ, 2019ರಲ್ಲಿ ಮನಿಲಾದಲ್ಲಿ ಸಿಂಗಾಪುರವನ್ನು 21-19ರಿಂದ ಸೋಲಿಸಿದರು. ಹದಿನೈದು ಜನರ ಆಟದಲ್ಲಿ ಅದು ಭಾರತದ ಮಹಿಳೆಯರ ಮೊದಲ ಗೆಲುವು.

ಹಿಡಿದು ಕೆಡವುವುದನ್ನು ನಮ್ಮ ಕರಾವಳಿಯ ಹುಡುಗಿಯರಿಗೆ ಹೊಸದಾಗಿ ಕಲಿಸಬೇಕಾ? ಭಾರತದ ಕಬಡ್ಡಿಗೆ ನಾಯಕಿಯಾದ ಮಮತಾ ಪೂಜಾರಿ ಇದೇ ಕಾರ್ಕಳ ಕಡೆಯವರು. ಕೆಡವುವಾಗ ತಲೆ ಎಲ್ಲಿಡಬೇಕು, ಬೀಳುವಾಗ ಹೇಗೆ ಬೀಳಬೇಕು, ಅದನ್ನು ಮಾತ್ರ ಸರಿಯಾಗಿ ಹೇಳಿಕೊಡಬೇಕು.

ಆ ಹುಡುಗಿಯ ಅಮ್ಮ ಒಂದು ದಿನ ಶಾಲೆಗೆ ಬಂದು ಕೇಳಿದರು, “ಟೀಚರ್, ಇವಳಿಗೆ ರಾತ್ರಿ ಅನ್ನ ಕೊಡಬಹುದಾ?” ಕೊಡಿ ಅಂದೆ. ಕುಚ್ಚಲಕ್ಕಿ ಗಂಜಿ ಕೊಡಿ, ಬೂತಾಯಿ, ಬಂಗುಡೆ, ಮೊಟ್ಟೆ ಕೊಡಿ. ಮೀನು ತಿನ್ನದ ಮನೆಯಾದರೆ ಹುರುಳಿ, ಹೆಸರುಕಾಳು, ಹಾಲು, ಮೊಸರು. ಗಟ್ಟಿ ಆಟ ಆಡುವವರಿಗೆ ದಿನಕ್ಕೆ ಒಂದು ಕೆಜಿ ತೂಕಕ್ಕೆ ಒಂದೂವರೆಯಿಂದ ಎರಡು ಗ್ರಾಂ ಪ್ರೋಟೀನ್ ಬೇಕು. ಮುಟ್ಟಿನಲ್ಲಿ ರಕ್ತ ಹೋಗುವುದರಿಂದ ಕಬ್ಬಿಣದ ಅಂಶವೂ ಬೇಕು, ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್ ನೋಡಿಸಿ ಅಂದೆ. ಅವರು ಎಲ್ಲವನ್ನೂ ಮಗಳ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡರು.

ಈಗ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾವು ಹನ್ನೊಂದು ಜನ ಗ್ರೌಂಡಿಗೆ ಇಳಿಯುತ್ತೇವೆ. ಸದ್ಯಕ್ಕೆ ಕೆಡವುವುದಿಲ್ಲ, ಕೈಯಿಂದ ಮುಟ್ಟಿದರೆ ಕೆಡವಿದ ಲೆಕ್ಕ ಅನ್ನುವ ಟಚ್ ರಗ್ಬಿ ಮಾತ್ರ. ಚೆಂಡು ಎರಡೇ ಇರುವುದು. ಅವಳು ಚೆಂಡು ಹಿಡಿದು ಬಂದರೆ ಎಂಟನೇ ಕ್ಲಾಸಿನ ಮಕ್ಕಳು ಈಗಲೂ ದಾರಿ ಬಿಟ್ಟು ನಿಲ್ಲುತ್ತಾರೆ, ಅದನ್ನು ಮೊದಲು ಸರಿಮಾಡಬೇಕು. ನಮಸ್ಕಾರ.