ಕುರಿಮಂದೆಯಿಂದ ಶುರುವಾದ ಚಿಕಿತ್ಸೆ

ಕೇಳುಗರೇ, ನಮಸ್ಕಾರ. ಸ್ತನ ಕ್ಯಾನ್ಸರಿನ ಒಂದು ಚಿಕಿತ್ಸೆಯ ಕಥೆ ಹೇಳುತ್ತೇನೆ. ಅದು ಶುರುವಾಗುವುದು ಕುರಿಮಂದೆಯಿಂದ.

1876ರಲ್ಲಿ ಜಾರ್ಜ್ ಬೀಟ್ಸನ್ ಎಂಬ ಎಳೆಯ ಡಾಕ್ಟರಿಗೆ ಸ್ಕಾಟ್ಲೆಂಡಿನ ಹಳ್ಳಿಗಾಡಿನಲ್ಲಿ ಕೆಲಸ ಸಿಕ್ಕಿತು. ಇವರು ಹುಟ್ಟಿದ್ದು ನಮ್ಮ ಪಕ್ಕದ ಸಿಂಹಳದಲ್ಲಿ. ನೋಡಿಕೊಳ್ಳಬೇಕಾದ ರೋಗಿ ಒಬ್ಬನೇ, ಪುರುಸೊತ್ತು ಬೇಕಾದಷ್ಟು. ಪಕ್ಕದ ಹೊಲದಲ್ಲಿ ಕುರಿಮರಿಗಳಿಗೆ ಹಾಲು ಬಿಡಿಸುತ್ತಿದ್ದರು. ಅದನ್ನು ನೋಡುತ್ತ ನೋಡುತ್ತ, ಹಾಲು ಹುಟ್ಟುವ ಬಗೆಯ ಮೇಲೇ ಪ್ರಬಂಧ ಬರೆಯಲು ಕೂತರು.

ಆಗ ಒಂದು ಸಂಗತಿ ತಿಳಿಯಿತು. ಕೆಲವು ದೇಶಗಳಲ್ಲಿ ಹಸು ಕರು ಹಾಕಿದ ಮೇಲೆ ಅದರ ಅಂಡಾಶಯ ತೆಗೆಸುತ್ತಿದ್ದರು. ಹಾಗೆ ಮಾಡಿದರೆ ಹಾಲು ಬತ್ತುವುದಿಲ್ಲವಂತೆ. ಅಂಡಾಶಯ ಎಲ್ಲಿ, ಕೆಚ್ಚಲು ಎಲ್ಲಿ! ಆದರೂ ಒಂದರ ಮಾತು ಇನ್ನೊಂದಕ್ಕೆ ಕೇಳುತ್ತಿದೆ, ಅಲ್ವಾ? ರಕ್ತದಲ್ಲಿ ಹರಿದು ಇಂಥ ಮಾತು ಮುಟ್ಟಿಸುವ ರಸಕ್ಕೆ ಹಾರ್ಮೋನ್ ಅನ್ನುವ ಹೆಸರು ಬಂದದ್ದೇ 1905ರಲ್ಲಿ.

1895ರಲ್ಲಿ ಗ್ಲಾಸ್ಗೋದ ಕ್ಯಾನ್ಸರ್ ಆಸ್ಪತ್ರೆಗೆ 33 ವರ್ಷದ ಒಬ್ಬ ತಾಯಿ ಬಂದರು. ಸ್ತನ ತೆಗೆದ ಜಾಗದಲ್ಲೇ ಗಡ್ಡೆ ಮತ್ತೆ ಎದ್ದಿತ್ತು. ಇನ್ನು ಕತ್ತರಿಸಿ ಪ್ರಯೋಜನವಿರಲಿಲ್ಲ. ಅಂಡಾಶಯ ತೆಗೆದರೆ ಸ್ತನದ ಗಡ್ಡೆಯೂ ಕುಗ್ಗೀತು ಅಂತ ಬೀಟ್ಸನ್‌ಗೆ ಅನ್ನಿಸಿತ್ತು. ಆಕೆಗೂ ಗಂಡನಿಗೂ ವಿಷಯ ಬಿಡಿಸಿ ಹೇಳಿದರು. ಜೂನ್ 15ರಂದು ಎರಡೂ ಅಂಡಾಶಯ ತೆಗೆದರು. ಎಂಟು ತಿಂಗಳಲ್ಲಿ ಗಡ್ಡೆ ಕಾಣೆ! ಆದರೆ ಕ್ಯಾನ್ಸರ್ ಮತ್ತೆ ಬಂತು. ಆಪರೇಷನ್ ಆದ ಮೇಲೆ ಆಕೆ ಬದುಕಿದ್ದು ಸುಮಾರು ನಾಲ್ಕು ವರ್ಷ.

ಉಳಿದ ಸರ್ಜನ್ನರೂ ಇದನ್ನು ಮಾಡಿ ನೋಡಿದರು. ಮೂವರಲ್ಲಿ ಒಬ್ಬರಿಗಷ್ಟೇ ಗುಣ ಕಂಡಿತು. ಯಾರಿಗೆ ಅಂತ ಮೊದಲೇ ಹೇಳುವ ದಾರಿ ಇರಲಿಲ್ಲ. ಇಬ್ಬರ ಹೊಟ್ಟೆ ಸುಮ್ನೆ ಕೊಯ್ದಂತಾಯಿತು.

1950ರ ದಶಕದಲ್ಲಿ ಕೈ ಇನ್ನೂ ಮುಂದೆ ಹೋಯಿತು. ಷಿಕಾಗೋದಲ್ಲಿ ಚಾರ್ಲ್ಸ್ ಹಗಿನ್ಸ್ ಮೂತ್ರಪಿಂಡದ ಮೇಲೆ ಕೂತು ಹಾರ್ಮೋನ್ ಮಾಡುವ ಅಡ್ರಿನಲ್ ಗ್ರಂಥಿಗಳನ್ನೇ ತೆಗೆದರು. ಸ್ಟಾಕ್‌ಹೋಮಿನಲ್ಲಿ ಈ ಗ್ರಂಥಿಗಳಿಗೆಲ್ಲ ಅಪ್ಪಣೆ ಕೊಡುವ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಗೂ ಕೈ ಹಾಕಿದರು. ಆಮೇಲೆ ಬದುಕಿರುವಷ್ಟು ದಿನ, ಕಳೆದುಕೊಂಡ ಹಾರ್ಮೋನಿನ ಬದಲಿಗೆ ಕಾರ್ಟಿಸೋನ್ ಮಾತ್ರೆ ನುಂಗಬೇಕು. ಧೈರ್ಯ ಅನ್ನಬೇಕೋ ಹತಾಶೆ ಅನ್ನಬೇಕೋ, ನನಗಂತೂ ಎರಡೂ ಕಾಣುತ್ತವೆ.

ಮೂವರಲ್ಲಿ ಒಬ್ಬರಿಗೇ ಯಾಕೆ ಗುಣ ಅನ್ನುವ ಗುಟ್ಟು ಬಿಡಿಸಿದ್ದು ಅದೇ ಷಿಕಾಗೋದ ಎಲ್ವುಡ್ ಜೆನ್ಸನ್. ಅಂಡಾಶಯದಲ್ಲಿ ಹುಟ್ಟುವ ಹಾರ್ಮೋನ್ ಈಸ್ಟ್ರೋಜನ್. ಕೆಲವು ಗಡ್ಡೆಗಳಲ್ಲಿ ಅದನ್ನು ಹಿಡಿದುಕೊಳ್ಳುವ ರಿಸೆಪ್ಟರ್ ಎಂಬ ಪ್ರೋಟೀನ್ ಇರುತ್ತದೆ. ಅಂಥ ಗಡ್ಡೆ ಇದ್ದವರಿಗೇ ಈ ಆಪರೇಷನ್ ಫಲ ಕೊಡುವ ಸಾಧ್ಯತೆ ಜಾಸ್ತಿ. 1973ರಲ್ಲಿ ಬ್ರಿಟನ್ನಿನಲ್ಲಿ ಟ್ಯಾಮಾಕ್ಸಿಫೆನ್ ಮಾತ್ರೆ ಬಂತು. ಅದು ಹೋಗಿ ಆ ರಿಸೆಪ್ಟರಿನಲ್ಲೇ ಕೂತು ಈಸ್ಟ್ರೋಜನ್ನಿಗೆ ಜಾಗ ಬಿಡುವುದಿಲ್ಲ. ಅಡ್ರಿನಲ್, ಪಿಟ್ಯುಟರಿ ತೆಗೆಯುವ ಆಪರೇಷನ್ನುಗಳು ಮೂಲೆ ಸೇರಿದವು. ಬೀಟ್ಸನ್ ಮಾಡಿದ್ದು ಮಾತ್ರ ಪೂರ್ತಿ ಹೋಗಿಲ್ಲ. ಮುಟ್ಟು ನಿಲ್ಲದ ಕೆಲವರಿಗೆ ಇವತ್ತೂ ಅಂಡಾಶಯ ತೆಗೆಯುತ್ತಾರೆ, ಇಲ್ಲವೇ ತಿಂಗಳಿಗೊಂದು ಇಂಜೆಕ್ಷನ್ ಕೊಟ್ಟು ಅದನ್ನು ಮಲಗಿಸಿಡುತ್ತಾರೆ.

ನಮಸ್ಕಾರ.